ಕೌದಿಯ ನಾಲ್ಕನೇ ಅಂಚು

ಮೂರು ದಿನದ ಕೌದಿ ಶಿಬಿರದಲ್ಲಿ ಮೊದಲ ದಿನ ನಮ್ಮ ಕೈಗೆ ಸೂಜಿ ಸಿಕ್ಕಿದ್ದು ಸಂಜೆ ಐದೂಮುಕ್ಕಾಲಿಗೆ. ಅದೂ ಫೋಟೋ ತೆಗೆಯುವ ಸಲುವಾಗಿ. ದಾರ ಪೋಣಿಸಬೇಕೇ ಎಂದು ಉಚ್ಚಂಗೆಮ್ಮ ಕೇಳಿದಳು. ಬೇಡ, ದಾರ ಹೇಗೂ ಫೋಟೋದಲ್ಲಿ ಕಾಣುವುದಿಲ್ಲ ಎಂದು ಮಮತಾ ಹೇಳಿದಳು.

ಶಿಬಿರ ಎಂದರೆ ಮಮತಾಗೆ ಆಗುವುದಿಲ್ಲ. ‘ಕೌದಿ ರಿಟ್ರೀಟ್’ ಅನ್ನಬೇಕು. ಸೂಳೆಕೆರೆ ಕಾಣುವಷ್ಟು ಹತ್ತಿರದಲ್ಲಿ ಅವಳ ಗಂಡ ಪರಶುರಾಮ್ ಹೊಸದಾಗಿ ಕಟ್ಟಿಸಿರುವ ಅತಿಥಿಗೃಹದಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ಗಟ್ಟಿಮುಟ್ಟಾದ ಆರ್‌ಸಿಸಿ ಕಟ್ಟಡ. ತಾರಸಿಯ ಮೇಲೆ ಪ್ಲಾಸ್ಟಿಕ್ ಹುಲ್ಲು ಹೊದಿಸಿ ಗುಡಿಸಲಿನ ಹಾಗೆ ಮಾಡಿದ್ದಾರೆ. ಆಮಂತ್ರಣದಲ್ಲಿ ಊರ ಹೆಸರು ಶಾಂತಿಸಾಗರ ಎಂದಿತ್ತು. ಚನ್ನಗಿರಿ ತಾಲ್ಲೂಕಿನಲ್ಲಿ ದನ ಮೇಯಿಸುವವರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ಸೂಳೆಕೆರೆ ಎನ್ನುತ್ತಾರೆ. ಮಮತಾಳ ಬಾಯಿಗೆ ಮಾತ್ರ ಆ ಹೆಸರು ಒಗ್ಗುವುದಿಲ್ಲ.

ಅವಳು, ಉಚ್ಚಂಗೆಮ್ಮ, ನಾನು ಇಪ್ಪತ್ತೈದು ವರ್ಷದ ಹಿಂದೆ ದಾವಣಗೆರೆಯ ಒಂದು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದು ಪಿಯುಸಿ ಓದಿದವರು. ಮಮತಾ ಹೊನ್ನಾಳಿಯವಳು, ಉಚ್ಚಂಗೆಮ್ಮ ಜಗಳೂರಿನವಳು, ನಾನು, ಅಂಬಿಕಾ, ನ್ಯಾಮತಿಯವಳು. ಮೊದಲ ದಿನ ಉಚ್ಚಂಗೆಮ್ಮ ಕಂಕುಳಲ್ಲಿ ಕೌದಿ ಇಟ್ಟುಕೊಂಡು ಕೋಣೆಗೆ ಬಂದಾಗ ಮಮತಾ ಮೂಗು ಹಿಡಿದುಕೊಂಡು, “ಈ ಹರಕು ಗಂಟನ್ನ ಹೊರಗಿಡೇ ತಾಯಿ” ಅಂದಿದ್ದಳು. ಡಿಸೆಂಬರಿನಲ್ಲಿ ಅದೇ ಹರಕು ಗಂಟಿನೊಳಗೆ ಕಾಲು ತೂರಿಸಿ ಮಲಗಿದಳು. ಬೆಳಿಗ್ಗೆ ಎದ್ದು ತನ್ನ ಹೊಸ ರಗ್ಗನ್ನು ಎಲ್ಲರಿಗೂ ಕಾಣುವಂತೆ ಮಡಚಿಡುತ್ತಿದ್ದಳು. ರಾತ್ರಿಯಾದರೆ ಉಚ್ಚಂಗೆಮ್ಮ ತಾನೇ ಕೌದಿ ಎತ್ತಿ ಕೊಡುತ್ತಿದ್ದಳು. ಈಗ ಆ ಮಮತಾಳ ಫೋನಿನ ತುಂಬ ಕೌದಿಗಳದೇ ಚಿತ್ರ. ‘ನನ್ನ ಬೇರುಗಳಿಗೆ ಮರಳುತ್ತಿದ್ದೇನೆ’ ಎಂದು ಒಂದರ ಕೆಳಗೆ ಬರೆದುಕೊಂಡಿದ್ದಳು. ಬರೆದ ದಿನ ಅವಳು ಇದ್ದದ್ದು ಗೋವಾದಲ್ಲಿ.

ನಾವಿಬ್ಬರು ಅಲ್ಲಿಗೆ ಹೋಗಿದ್ದು ಒಂದು ಕೌದಿಯನ್ನು ಮುಗಿಸುವುದಕ್ಕೆ. ಉಚ್ಚಂಗೆಮ್ಮನ ಮಗಳು ಚೈತ್ರಶ್ರೀಗೆ ಹೆಣ್ಣು ಮಗು ಹುಟ್ಟಿತ್ತು. ಸೋಮವಾರ ಜಗಳೂರಿನ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಉಚ್ಚಂಗೆಮ್ಮನ ತಾಯಿ ಅಜ್ಜಮ್ಮ ಮರಿಮಗುವಿಗೆಂದು ಆರು ತಿಂಗಳ ಹಿಂದೆಯೇ ಕೌದಿ ಹಿಡಿದಿದ್ದರು. ತೊಟ್ಟಿಲಿನಷ್ಟು ಚಿಕ್ಕದಲ್ಲ, ಆಳುದ್ದದ್ದು. “ಈಗ ಮಡಚಿ ಹಾಸ್ರಿ, ದೊಡ್ಡಾಕಿ ಆದಂಗೆ ಬಿಚ್ಕಂತಾ ಹೋಗ್ಲಿ” ಎಂದು ಅವರ ಲೆಕ್ಕ. ನಡುವೆ ಕಣ್ಣಿನ ನೋಟ ಪೂರ್ತಿ ಹೋಯಿತು. ಅಷ್ಟರಲ್ಲಿ ಮೂರು ಅಂಚು ಮುಚ್ಚಿತ್ತು. ನಾಲ್ಕನೇ ಅಂಚಿನ ಕಡೆ ಎರಡು ಗೇಣು ಹೊಲಿಗೆ, ಆಮೇಲೆ ಆ ಅಂಚು, ಇಷ್ಟು ಉಳಿದಿತ್ತು.

ಕೊನೆಯ ಅಂಚನ್ನು ಸುಮ್ಮನೆ ಮುಚ್ಚುವಂತಿಲ್ಲ. ಅದು ಕೌದಿಯ ಬಾಯಿ. ಮನೆಯ ಒಲೆಯ ಮೇಲೆ ಬೆಂದ ರೊಟ್ಟಿಯ ಒಂದು ಒಣ ಚೂರು, ಒಂದು ಚಿಟಿಕೆ ಜೋಳ ಅದರೊಳಗೆ ಇಟ್ಟು ಆಮೇಲೆ ಹೊಲಿಯಬೇಕು. ಕೌದಿಗೆ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹಸಿದ ಕೌದಿ ಹೊದ್ದ ಮಗು ನಿದ್ದೆ ಮಾಡುವುದಿಲ್ಲ ಎಂದು ಅಜ್ಜಮ್ಮ ನಂಬಿದ್ದಾರೆ. ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ನನ್ನ ಎರಡು ಮಕ್ಕಳ ಕೌದಿಗಳನ್ನೂ ಹೊಟ್ಟೆ ತುಂಬಿಸಿಯೇ ಮುಚ್ಚಿದ್ದೇನೆ.

ಅಜ್ಜಮ್ಮನೇ ಮಗಳನ್ನು ಹೊರಡಿಸಿದ್ದು. “ಬಾಣಂತೀನ ನಿನ್ನ ತಂಗಿ ನೋಡ್ಕಂತಾಳೆ. ಈ ಮನೆಯಾಗೆ ಬರೋರು ಹೋಗೋರು, ಕುಂತು ಹೊಲಿಯಾಕೆ ಎಲ್ಲಿ ಬಿಡ್ತಾರೆ? ಆ ಮಮತಿ ಮೂರು ದಿನ ಹೊಲಿಯಾಕೇ ಅಂತ ಕರೆದಾಳಲ್ಲ, ತಗಂಡು ಹೋಗು. ಅಂಬಿಕಾನೂ ಕೈ ಹಾಕ್ಲಿ. ಸೋಮವಾರ ನಾನು ಮುಟ್ಟಿ ನೋಡ್ತೀನಿ” ಎಂದಿದ್ದರು. ಪಾಪ, ಹೊಲಿಯುವುದಕ್ಕೆ ಕರೆದರೆ ಹೊಲಿಯುತ್ತಾರೆ ಎಂದು ಅವರು ತಿಳಿದಿದ್ದರು.

ಶುಕ್ರವಾರ ಬೆಳಿಗ್ಗೆ ನಮ್ಮನ್ನು ವೃತ್ತಾಕಾರವಾಗಿ ಕೂರಿಸಿದರು. ದಾವಣಗೆರೆ, ಶಿವಮೊಗ್ಗ ಕಡೆಯಿಂದ ಬಂದ ಹದಿನಾಲ್ಕು ಹೆಂಗಸರು, ನಾವಿಬ್ಬರು. ಮಮತಾ ಕೈಮಗ್ಗದ ಸೀರೆಯುಟ್ಟು, ಕೊರಳಿಗೆ ದಾರದುಂಡೆಗಳ ಸರ ಹಾಕಿಕೊಂಡು ನಡುವೆ ನಿಂತಳು. “ನಿಮ್ಮ ಒಳಗಿನ ದಾರದ ಬಣ್ಣ ಯಾವುದು? ಒಬ್ಬೊಬ್ಬರೇ ಹೇಳಿ” ಎಂದಳು. ಒಬ್ಬರು ನೇರಳೆ ಎಂದರು. ಒಬ್ಬರಿಗೆ ಆಕಾಶ ನೀಲಿ. ಇನ್ನೊಬ್ಬರು ಬಣ್ಣ ಹೇಳುವ ಮೊದಲೇ ಅತ್ತರು. ಎಲ್ಲರೂ ಅವರ ಬೆನ್ನು ಸವರಿದರು. ಉಚ್ಚಂಗೆಮ್ಮನ ಸರದಿ ಬಂತು.

“ಬಿಳೇದು ರೀ,” ಎಂದಳು ಅವಳು. “ಹತ್ತನೇ ನಂಬರ್ ದಾರ. ಎರಡೆಳೆ ಮಾಡಿಕಂಡ್ರೆ ಕಿತ್ತೋಗಲ್ಲ.”

“ವಾಹ್, ಎಷ್ಟು ಸರಳ!” ಎಂದು ಮಮತಾ ಕಣ್ಣು ಮುಚ್ಚಿಕೊಂಡಳು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಉಚ್ಚಂಗೆಮ್ಮ ನನ್ನ ಕಡೆ ತಿರುಗಿ, “ಏನಾತೇ ಇವರಿಗೆ?” ಎಂದು ಪಿಸುಗುಟ್ಟಿದಳು.

ನಮ್ಮಿಬ್ಬರಿಗೆ ಶುಲ್ಕವಿಲ್ಲ ಎಂದು ಮಮತಾ ಮೊದಲೇ ಹೇಳಿದ್ದಳು. ಗೆಳತಿ ಎಂಬ ಪ್ರೀತಿಗೆ ಇರಬೇಕು ಎಂದುಕೊಂಡಿದ್ದೆ. ಗೋಡೆಯ ಮೇಲೆ ಅಂಟಿಸಿದ ಕಾರ್ಯಕ್ರಮದ ಪಟ್ಟಿಯಲ್ಲಿ ‘ಜೊತೆಯಲ್ಲಿ ಇಬ್ಬರು ಗ್ರಾಮೀಣ ಕಲಾವಿದೆಯರು’ ಎಂದು ಅಚ್ಚಾಗಿತ್ತು. ನ್ಯಾಮತಿಯಲ್ಲಿ ಮೂರು ಬ್ಯಾಂಕು, ನಾಲ್ಕು ಬೇಕರಿ ಇವೆ. ನನ್ನ ಗಂಡ ಹೈಸ್ಕೂಲ್ ಮೇಷ್ಟ್ರು. ಆದರೂ ನಾನು ಗ್ರಾಮೀಣ ಕಲಾವಿದೆ. ಹೊನ್ನಾಳಿಯ ಮಮತಾ ಮಾರ್ಗದರ್ಶಕಿ.

ಆಮೇಲೆ ಎಲ್ಲರಿಗೂ ಒಂದೊಂದು ಚೀಲ ಕೊಟ್ಟರು. ಒಳಗೆ ಚೌಕ ಚೌಕವಾಗಿ ಕತ್ತರಿಸಿದ ಬಟ್ಟೆ. ಹೊಸ ಬಟ್ಟೆ ತಂದು, ಕತ್ತರಿಸಿ, ಹಳೆಯದಾಗಿ ಕಾಣಲೆಂದು ಚಹಾದ ನೀರಿನಲ್ಲಿ ಕುದಿಸಿ ಒಣಗಿಸಿದ್ದರು. ಹತ್ತು ವರ್ಷ ಉಟ್ಟು, ಒಗೆದು, ಹಿಂಡಿ, ಮೆತ್ತಗಾದ ಸೀರೆಯನ್ನು ಬಿಸಾಡಲು ಮನಸ್ಸು ಬಾರದೆ ಹೆಂಗಸರು ಕೌದಿ ಹೊಲಿದುಕೊಂಡು ಬಂದಿದ್ದಾರೆ. ಇಲ್ಲಿ ಹೊಸದನ್ನು ದುಡ್ಡು ಕೊಟ್ಟು ಮುದಿ ಮಾಡುತ್ತಿದ್ದರು. ನಾನು ಒಂದು ಚೂರು ಮೂಸಿ ನೋಡಿದೆ. ಹೋಟೆಲಿನ ಮಸಿಬಟ್ಟೆಯ ವಾಸನೆ.

ಮಧ್ಯಾಹ್ನ ರಮೇಶ್ ಎಂಬ ಜಾನಪದ ತಜ್ಞರ ಉಪನ್ಯಾಸ. ಅವರು ಪರದೆಯ ಮೇಲೆ ಕೌದಿಯ ಚಿತ್ರ ತೋರಿಸಿ, ಅದರಲ್ಲಿ ಭೂಮಿ, ಆಕಾಶ, ಗರ್ಭ, ಗ್ರಹಗಳು ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಚಳಿಗೆ ಹೊದೆಯುತ್ತಾರೆ ಎಂಬುದೊಂದನ್ನು ಬಿಟ್ಟರು. ಒಂದೂವರೆ ಗಂಟೆಯ ಕೊನೆಯಲ್ಲಿ ‘ಕೌದಿಯ ಉದರ: ಅನ್ನತತ್ತ್ವದ ಓದು’ ಎಂಬ ಸ್ಲೈಡ್ ಬಂತು. ರೊಟ್ಟಿ ಚೂರು ಇಡುವ ವಿಚಾರವೇ. ಮಮತಾ ಮುಂದಿನ ಸಾಲಿನಲ್ಲಿ ಕೂತು ನಿಧಾನವಾಗಿ ತಲೆದೂಗುತ್ತಿದ್ದಳು.

“ನಿಮ್ಮ ಕಡೆ ಈ ಆಚರಣೆ ಇನ್ನೂ ಜೀವಂತವಾಗಿದೆಯೇ?” ಎಂದು ಅವರು ಉಚ್ಚಂಗೆಮ್ಮನನ್ನು ಕೇಳಿದರು.

“ಐತ್ರೀ ಸಾರ್. ನನ್ನ ಚೀಲದಾಗೇ ಐತೆ,” ಎಂದು ಅವಳು ಸೆರಗಿನ ಚೂರಿನಲ್ಲಿ ಕಟ್ಟಿದ್ದ ಗಂಟು ಬಿಚ್ಚಿ ರೊಟ್ಟಿ, ಜೋಳ ತೋರಿಸಿದಳು. ಅವರು ಬಗ್ಗಿ ಅದರ ಫೋಟೋ ತೆಗೆದುಕೊಂಡರು. ಮುಟ್ಟಿ ನೋಡಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

ಮೊದಲ ದಿನ ಹೀಗೆ ಕಳೆಯಿತು. ಅಜ್ಜಮ್ಮನ ಕೌದಿ ಚೀಲದಲ್ಲೇ ಉಳಿಯಿತು. ಎರಡು ಗೇಣು ಎಂದರೆ ಚಿಕ್ಕ ಕೆಲಸವಲ್ಲ. ಅಡ್ಡಗಲಕ್ಕೂ ಬೆರಳು ಬಿಟ್ಟು ಬೆರಳು ಸಾಲು ಎಳೆಯಬೇಕು. ಉಚ್ಚಂಗೆಮ್ಮನಿಗೆ ಊಟ ಸೇರಲಿಲ್ಲ. “ಅಂಬಿ, ಹಿಂಗಾದ್ರೆ ಆಗಲ್ಲ ಕಣೇ. ನಮ್ಮವ್ವಗೆ ಏನು ಮುಖ ತೋರಿಸ್ಲಿ?” ಎಂದಳು.

“ನಾಳೆ ಕ್ಲಾಸಿಗೆ ಚಕ್ಕರ್ ಹಾಕೋಣ” ಎಂದೆ. ಪಿಯುಸಿಯಲ್ಲಿ ಒಂದು ದಿನವೂ ಚಕ್ಕರ್ ಹಾಕದವಳು ನಾನು.

ಶನಿವಾರ ಬೆಳಿಗ್ಗೆ ಆರಕ್ಕೆ ಉಸಿರಾಟದ ತರಗತಿ. ಎಲ್ಲರೂ ಕೆರೆಯ ಕಡೆ ಮುಖ ಮಾಡಿ ಕೂತರು. ನಾವು ಅಡುಗೆಮನೆಯ ಹಿಂದಿನ ಕಟ್ಟೆಗೆ ಹೋಗಿ ಕೌದಿ ಹಾಸಿದೆವು. ಆ ಕೌದಿಯ ಮೇಲೆ ಕೈಯಿಟ್ಟಾಗ ನನಗೆ ಎರಡು ದಿನದಲ್ಲಿ ಮೊದಲ ಸಲ ಸಮಾಧಾನವಾಯಿತು. ಅಜ್ಜಮ್ಮನ ಹಸಿರು ಇಳಕಲ್ ಸೀರೆ, ಚೈತ್ರಶ್ರೀಯ ಶಾಲೆಯ ನೀಲಿ ಲಂಗ, ಉಚ್ಚಂಗೆಮ್ಮನ ಗಂಡನ ಲುಂಗಿ, ಎಲ್ಲ ಕೆನ್ನೆಗೆ ಒತ್ತಿಕೊಳ್ಳುವಷ್ಟು ಮೆತ್ತಗೆ. ಅಜ್ಜಮ್ಮನ ಸಾಲುಗಳು ಕೊನೆಕೊನೆಗೆ ಸೊಟ್ಟಗಾಗಿದ್ದವು. ಕಣ್ಣು ಎಲ್ಲಿ ಮಂಜಾಯಿತು, ಎಲ್ಲಿ ಪೂರ್ತಿ ಹೋಯಿತು ಎಂಬುದು ಅಲ್ಲಿಯೇ ಕಾಣುತ್ತಿತ್ತು. ಆ ಸಾಲುಗಳನ್ನು ನೇರ ಮಾಡುವ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ಅವುಗಳ ಪಕ್ಕದಲ್ಲೇ ನಮ್ಮ ಸಾಲು ಹಿಡಿದೆವು.

ಅಡುಗೆಯ ತಿಪ್ಪಮ್ಮ ಉಬ್ರಾಣಿಯವಳು. ಚಟ್ನಿಗೆ ಕಾಯಿ ತುರಿಯುತ್ತ ನಮ್ಮನ್ನೂ ಕೆರೆಯ ಕಡೆ ಕೂತವರನ್ನೂ ನೋಡಿದಳು.

“ಅಲ್ರಕ್ಕಾ, ಹೊಲಿಯಾಕೆ ಬಂದೋರು ಕಣ್ಣು ಮುಚ್ಕಂಡು ಕುಂತಾರೆ. ಊಟ ಬಡಿಸಾಕೆ ಬಂದೋರು ನೀವು ಅನ್ಕಂಡಿದ್ದೆ, ನೀವು ಹೊಲೀತಿದೀರಿ.”

“ಅವರು ಉಸಿರು ತಗಳಾದು ಕಲೀತಾವ್ರೆ ಬಿಡು ತಿಪ್ಪಮ್ಮ,” ಎಂದಳು ಉಚ್ಚಂಗೆಮ್ಮ.

“ಇಷ್ಟು ದಿನ ಏನು ತಗಂತಿದ್ರು ಹಂಗಾರೆ?”

ಹತ್ತು ಗಂಟೆಗೆ ‘ಸೂಜಿಯೊಂದಿಗೆ ಸಂವಾದ’. ಅದಕ್ಕೂ ಹೋಗಲಿಲ್ಲ. ಮಧ್ಯಾಹ್ನ ‘ಮೌನ ಹೊಲಿಗೆ’. ಅಲ್ಲಿ ಕೊಳಲಿನ ರೆಕಾರ್ಡನ್ನು ಎಷ್ಟು ಜೋರಾಗಿ ಹಾಕಿದ್ದರೆಂದರೆ ಕಟ್ಟೆಯ ಮೇಲೆ ನಮಗೆ ಮಾತಾಡಲು ಆಗುತ್ತಿರಲಿಲ್ಲ. ಅಲ್ಲಿಂದ ಎದ್ದು ಶಿವಮೊಗ್ಗದ ಒಬ್ಬ ಹುಡುಗಿ ಬೆರಳು ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಬ್ಯಾಂಕಿನಲ್ಲಿ ಕೆಲಸವಂತೆ. ಸೂಜಿ ಆಳಕ್ಕೆ ಚುಚ್ಚಿ ರಕ್ತ ಬರುತ್ತಿತ್ತು. “ಮೇಡಂ ಅದನ್ನ ಬಟ್ಟೆ ಮೇಲೆ ಬೀಳಿಸಿ, ಚೆನ್ನಾಗಿ ಕಾಣುತ್ತೆ ಅಂದ್ರು ಆಂಟಿ” ಎಂದಳು. ಬೆರಳು ತೊಳೆದು, ಅರಿಸಿನ ಒತ್ತಿ, ಚಿಂದಿ ಕಟ್ಟಿದೆ. ನನ್ನ ಮಗಳು ಬಿದ್ದು ಬಂದಾಗ ಮಾಡುವಂತೆ ಊದಿಯೂ ಬಿಟ್ಟೆ. ಹುಡುಗಿ ಅಲ್ಲೇ ಕೂತು ನಾವು ಸಾಲು ಎಳೆಯುವುದನ್ನು ನೋಡಿದಳು. ಇಡೀ ಶಿಬಿರದಲ್ಲಿ ಹೊಲಿಗೆ ಕಲಿತವಳು ಅವಳೊಬ್ಬಳೇ ಇರಬೇಕು, ಅದೂ ನೋಡಿ ನೋಡಿ.

ಸಂಜೆ ಐದರ ಹೊತ್ತಿಗೆ ಎರಡು ಗೇಣೂ ಮುಗಿಯಿತು. ನಾಲ್ಕನೇ ಅಂಚು ಮಾತ್ರ ಬಾಯಿ ತೆರೆದುಕೊಂಡಿತ್ತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹೊಟ್ಟೆ ತುಂಬಿಸಿ, ಅದನ್ನೂ ಮುಚ್ಚಿ, ಮೂರು ಗಂಟೆಯ ಬಸ್ಸಿಗೆ ಜಗಳೂರಿಗೆ ಹೊರಡುವುದು ಎಂದು ಮಾಡಿಕೊಂಡೆವು. ಉಚ್ಚಂಗೆಮ್ಮ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು.

ಊಟದ ಮನೆಗೇ ಮಮತಾ ಬಂದಳು. ಕೌದಿಯನ್ನು ಬಿಡಿಸಿ ನೋಡಿ, “ಅಯ್ಯೋ ಉಚ್ಚಂಗಿ, ಇದು ಪೀಸು ಕಣೇ, ಪೀಸು! ನಾಳೆ ಸಮಾರೋಪಕ್ಕೆ ವೇದಿಕೆ ಮೇಲೆ ಇದನ್ನೇ ಹಾಕ್ತೀನಿ. ಇವತ್ತು ನನ್ನ ಹತ್ರ ಇರ್ಲಿ” ಎಂದಳು.

“ನಾಲ್ಕನೇ ಅಂಚು ಬಾಕಿ ಐತೆ ಮಮತಾ,” ಎಂದಳು ಉಚ್ಚಂಗೆಮ್ಮ.

“ಅದರ ಚಿಂತೆ ನಿಂಗ್ಯಾಕೆ? ನಾನಿಲ್ವಾ?”

ಆಗ ನಾನು ಬಾಯಿ ಬಿಡಬೇಕಿತ್ತು. ಅದರ ಬಾಯಿ ಮುಚ್ಚಬೇಡ, ಮುಚ್ಚುವುದು ನಮ್ಮ ಕೆಲಸ ಎಂದು ಬಿಡಿಸಿ ಹೇಳಬೇಕಿತ್ತು. ಹೊನ್ನಾಳಿಯಲ್ಲೂ ಕೌದಿಗೆ ಹೊಟ್ಟೆ ತುಂಬಿಸುತ್ತಾರೆ. ಅದೂ ಅಲ್ಲದೆ ಹಿಂದಿನ ದಿನ ತಾನೇ ಪರದೆಯ ಮುಂದೆ ಕೂತು ಅಷ್ಟು ತಲೆದೂಗಿದ್ದಾಳೆ, ಇವಳಿಗೆ ಗೊತ್ತಿರುತ್ತದೆ ಎಂದುಕೊಂಡೆ. ಮಮತಾ ತಲೆದೂಗಿದ್ದನ್ನು ನಂಬಿದ್ದು ನನ್ನ ದಡ್ಡತನ. ಉಚ್ಚಂಗೆಮ್ಮ ಹಾಸ್ಟೆಲಿನಲ್ಲಿ ಕೊಟ್ಟ ಹಾಗೆಯೇ ಕೌದಿಯನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟಳು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಹೋಗಿ ಕೇಳಿದರೆ ಮಮತಾ ಸಿಗಲಿಲ್ಲ. ಕೆರೆ ಏರಿಯ ಮೇಲೆ ಡ್ರೋನ್ ಹಾರಿಸುತ್ತಿದ್ದಾಳೆ ಎಂದರು. ಹತ್ತಾಯಿತು, ಹನ್ನೊಂದಾಯಿತು. ಮುಖ್ಯ ಅತಿಥಿಗಳು ಹನ್ನೆರಡೂವರೆಗೆ ಬಂದರು. ಯಾವುದೋ ಮಹಿಳಾ ಸಂಘದ ಅಧ್ಯಕ್ಷೆ. ದಾರದುಂಡೆಯೊಂದನ್ನು ಬಿಚ್ಚುವ ಮೂಲಕ ಸಮಾರೋಪವನ್ನು ಉದ್ಘಾಟಿಸಿದರು. ಬಿಚ್ಚಿದ ದಾರ ಅವರ ಬಳೆಗೆ ಸಿಕ್ಕಿಕೊಂಡು ಐದು ನಿಮಿಷ ಹೋಯಿತು. ಹದಿನಾಲ್ಕು ಜನರ ಮೂರು ದಿನದ ಹೊಲಿಗೆಯನ್ನು ಹಗ್ಗಕ್ಕೆ ನೇತುಹಾಕಿದ್ದರು. ಒಟ್ಟು ಸೇರಿಸಿದರೆ ಒಂದು ದಿಂಬಿನ ಚೀಲಕ್ಕೆ ಆಗುತ್ತಿತ್ತು.

ಆಮೇಲೆ ಮಮತಾ ಮೈಕ್ ಹಿಡಿದಳು. “ಈಗ ಒಂದು ಸರ್‌ಪ್ರೈಸ್. ನನ್ನ ಪ್ರೀತಿಯ ಗೆಳತಿ, ನಮ್ಮ ನೆಲದ ಕಲಾವಿದೆ ಉಚ್ಚಂಗೆಮ್ಮ ವೇದಿಕೆಗೆ ಬರಬೇಕು.”

ಪರದೆ ಸರಿಯಿತು. ಬಿದಿರಿನ ಗಳುವಿಗೆ ಅಜ್ಜಮ್ಮನ ಕೌದಿ ತೂಗುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿರುವಾಗಲೇ ಅಂಚಿನ ಮಿರಮಿರ ಕಣ್ಣಿಗೆ ಬಿತ್ತು. ನಾಲ್ಕೂ ಕಡೆ ಎರಡು ಬೆರಳಗಲದ ಬಂಗಾರದ ಬಣ್ಣದ ಲೇಸು. ಮದುವೆಯ ಬ್ಲೌಸಿಗೆ ಹಾಕುವಂಥದು. ಮುಟ್ಟಿದರೆ ಗೀರುವಂಥದು. ಹಸುಗೂಸಿನ ಕೆನ್ನೆ ನೆನಪಾಗಿ ನನ್ನ ಕೈ ನಿಂತುಹೋಯಿತು.

ಉಚ್ಚಂಗೆಮ್ಮ ಲೇಸನ್ನು ನೋಡಲಿಲ್ಲ. ಅವಳ ಬೆರಳು ಸೀದಾ ನಾಲ್ಕನೇ ಅಂಚಿಗೆ ಹೋಯಿತು. ಈ ಮೂಲೆಯಿಂದ ಆ ಮೂಲೆಯವರೆಗೆ ಒತ್ತಿಕೊಂಡು ಹೋದಳು. ಎಲ್ಲೂ ಸಂದಿಯಿರಲಿಲ್ಲ.

“ಇದನ್ನ ಯಾರು ಮುಚ್ಚಿದ್ರು?”

“ನಾನೇ ಕಣೇ! ನಿನ್ನೆ ರಾತ್ರೀನೇ ಸಂತೇಬೆನ್ನೂರಿಗೆ ಕಳಿಸಿ ಮಿಷನ್ ಮೇಲೆ ಹೊಲಿಸಿದೆ. ಬಾಕಿ ಐತೆ ಅಂತ ನೀನು ಒದ್ದಾಡ್ತಿದ್ಯಲ್ಲ. ಹೆಂಗೈತೆ ಲೇಸು?” ಮಮತಾ ಮೈಕನ್ನು ಪಕ್ಕಕ್ಕೆ ಹಿಡಿದಿದ್ದಳು, ಮೊದಲ ಸಾಲಿನಲ್ಲಿದ್ದ ನನಗೆ ಎಲ್ಲ ಕೇಳುತ್ತಿತ್ತು.

“ಹೊಟ್ಟೆ ತುಂಬಿಸ್ದೆ ಬಾಯಿ ಮುಚ್ಚಿಬಿಟ್ಯಲ್ಲೇ.”

ಮಮತಾಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆದಮೇಲೆ ನಕ್ಕಳು. “ಓ, ಅದಾ! ಮನೆಗೋಗಿ ಒಂದಿಷ್ಟು ಬಿಚ್ಚಿ ತೂರಿಸ್ಕ. ಈಗ ನಗು, ಕ್ಯಾಮೆರಾ ಐತೆ.”

“ಮನೆ ಬಾಗಿಲಾಗೇ ನಮ್ಮವ್ವ ಕೈ ಚಾಚಿರ್ತಾಳೆ.”

“ಅವರಿಗೆ ನಾವೇ ಕೈಯಾಗೆ ಹೊಲಿದ್ವಿ ಅಂತ ಹೇಳೇ. ಹೆಂಗೂ ಕಣ್ಣು ಕಾಣಲ್ವಲ್ಲ.”

ಉಚ್ಚಂಗೆಮ್ಮ ಅವಳ ಮುಖವನ್ನೇ ನೋಡಿದಳು. ಹಾಸ್ಟೆಲಿನಲ್ಲಿ ಎರಡು ವರ್ಷ, ಆಮೇಲೆ ಮದುವೆ ಮುಂಜಿಗಳಲ್ಲಿ ಎಷ್ಟೋ ಸಲ ನಾನು ಉಚ್ಚಂಗೆಮ್ಮನ ಆ ಸಿಟ್ಟಿನ ಮುಖಕ್ಕಾಗಿ ಕಾದಿದ್ದೆ. ಅವಳು ಗಳುವಿನಿಂದ ಕೌದಿಯನ್ನು ಎಳೆದು ಇಳಿಸಿಕೊಂಡಳು. ವೇದಿಕೆಯ ನಡುವೆ, ಅಧ್ಯಕ್ಷೆಯ ಕುರ್ಚಿಯ ಮುಂದೆಯೇ, ನೆಲದ ಮೇಲೆ ಕೂತು ಅದನ್ನು ತೊಡೆಯ ಮೇಲೆ ಹರಡಿಕೊಂಡಳು.

“ಅಂಬಿ, ಬ್ಲೇಡು ತಾರೇ.”

ನಾನು ಸೂಜಿಯ ಡಬ್ಬಿ ಹಿಡಿದುಕೊಂಡು ವೇದಿಕೆ ಹತ್ತಿದೆ. ಡಬ್ಬಿಯಲ್ಲಿ ಕಾಗದ ಸುತ್ತಿದ ಎರಡು ಅರ್ಧ ಬ್ಲೇಡು ಇರುತ್ತವೆ. ಮಮತಾ ನನ್ನ ತೋಳು ಹಿಡಿದಳು. “ನೀನಾದ್ರೂ ಬುದ್ಧಿ ಹೇಳೇ. ಎದುರಿಗೆ ಗೆಸ್ಟ್ ಕುಂತವ್ರೆ. ಒಳ್ಳೇದು ಮಾಡಾಕೆ ಹೋದ್ರೆ ಹಿಂಗೆ ಮರ್ಯಾದೆ ತೆಗೆಯೋದಾ?”

“ತೋಳು ಬಿಡು ಮಮತಾ. ಬ್ಲೇಡು ಐತೆ, ತಾಗ್ತದೆ” ಎಂದೆ. ಮಕ್ಕಳಿಗೆ ಹೇಳುವ ಹಾಗೆ, ಮೆತ್ತಗೆ.

ಲೇಸು ಬೇಗ ಬಂತು. ಮಿಷನ್ನಿನ ಹೊಲಿಗೆ ಹಾಗೆ ಬರುವುದಿಲ್ಲ. ಒಂದು ಅಂಗುಲದಲ್ಲಿ ಹತ್ತು ಹನ್ನೆರಡು ಕುಣಿಕೆ. ಒಂದೊಂದನ್ನೂ ಬಟ್ಟೆಗೆ ತಾಗದಂತೆ ಕೊಯ್ಯಬೇಕು. ಹಳೆಯ ಸೀರೆ, ಸ್ವಲ್ಪ ಎಳೆದರೂ ಪಿಸಿಯುತ್ತದೆ. ಇಬ್ಬರೂ ಎರಡು ಮೂಲೆಯಿಂದ ಹಿಡಿದೆವು. ಸಭೆ ಗುಜುಗುಜು ಎಂದಿತು. ಅಷ್ಟರಲ್ಲಿ ರಮೇಶ್ ಸರ್ ಎದ್ದು ಮೈಕ್ ತೆಗೆದುಕೊಂಡರು.

“ಇದನ್ನು ನಾವು ಗಮನಿಸಬೇಕು. ಬಿಚ್ಚುವುದೂ ಒಂದು ಹೊಲಿಗೆಯೇ. ಇದು ಯಂತ್ರದ ವಿರುದ್ಧ ಕೈಯ ಬಂಡಾಯ.”

ಜೋರು ಚಪ್ಪಾಳೆ. ಹನ್ನೊಂದು ಫೋನುಗಳು ಮೇಲೆದ್ದವು. ಉಚ್ಚಂಗೆಮ್ಮ ತಲೆಯೆತ್ತದೆ, “ಸಾರ್, ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ” ಎಂದಳು. ಅವರು ಸರಿದರು. ಅಧ್ಯಕ್ಷೆಗೆ ಇನ್ನೊಂದು ಕಾರ್ಯಕ್ರಮವಿತ್ತು. ನೆನಪಿನ ಕಾಣಿಕೆ ತೆಗೆದುಕೊಂಡು ನಮ್ಮ ಕಾಲುಗಳನ್ನು ದಾಟಿ ಹೋದರು.

ಮಮತಾ ಅವರನ್ನು ಕಾರಿನವರೆಗೆ ಕಳಿಸಿ ಬಂದು ಬಾಗಿಲಲ್ಲಿ ನಿಂತಳು. ಮಕ್ಕಳು ಆಟದಲ್ಲಿ ಸೋತಾಗ ಮಾಡುವ ಮುಖ ಮಾಡಿದ್ದಳು. ನನಗೆ ಅಯ್ಯೋ ಅನ್ನಿಸಿತು. ಎಷ್ಟಾದರೂ ಒಂದೇ ತಟ್ಟೆಯಲ್ಲಿ ಉಂಡವಳು. ಇಲ್ಲಿ ಬಂದು ಕೂತ್ಕೋ, ಒಂದು ತುದಿ ಹಿಡಿ ಎಂದು ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ಫೋನು ತೆಗೆದು, ಉಚ್ಚಂಗೆಮ್ಮನ ಕೈಗಳ ಹತ್ತಿರ ಹಿಡಿದು, “ನಿಧಾನಕ್ಕೆ ಎಳೀ ದಾರಾನ. ಇನ್ನೂ ನಿಧಾನಕ್ಕೆ” ಎಂದಳು. ತೆರೆದ ಬಾಯಿ ಮುಚ್ಚಿಕೊಂಡೆ.

ವೇದಿಕೆ ಹತ್ತಿ ಬಂದು ಕೂತವಳು ಬೆರಳಿಗೆ ಚಿಂದಿ ಕಟ್ಟಿಕೊಂಡಿದ್ದ ಶಿವಮೊಗ್ಗದ ಹುಡುಗಿ. ಏನೂ ಕೇಳದೆ, ನಾವು ಕೊಯ್ದ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತು ತೆಗೆದಳು. ಎರಡು ಗಂಟೆಯ ಹೊತ್ತಿಗೆ ನಾಲ್ಕನೇ ಅಂಚು ಮತ್ತೆ ಬಾಯಿ ತೆರೆಯಿತು.

ಉಚ್ಚಂಗೆಮ್ಮ ಗಂಟು ಬಿಚ್ಚಿ, ರೊಟ್ಟಿಯ ಚೂರನ್ನೂ ಜೋಳವನ್ನೂ ಒಳಗಿಟ್ಟಳು. ಇಟ್ಟ ಮೇಲೆ ಹೊರಗಿನಿಂದ ಅಂಗೈಯಲ್ಲಿ ಒತ್ತಿ ಒತ್ತಿ ಒಳಕ್ಕೆ ಸರಿಸಿದಳು. ಎಲ್ಲ ಫೋನುಗಳೂ ಅದನ್ನೇ ತೆಗೆದವು. ಅವಳಿಗೆ ಅವು ಕಾಣಿಸಲೂ ಇಲ್ಲ. ಆಮೇಲೆ ಅವಳು ಆ ಮೂಲೆಯಿಂದ, ನಾನು ಈ ಮೂಲೆಯಿಂದ. ನಮ್ಮ ಸೂಜಿಗಳು ನಡುವೆ ಸಂಧಿಸಿದಾಗ ಬಸ್ಸಿಗೆ ಹನ್ನೆರಡು ನಿಮಿಷವಿತ್ತು. ತಿಪ್ಪಮ್ಮ ಬುತ್ತಿ ಕಟ್ಟಿ ಗೇಟಿನವರೆಗೆ ಓಡಿ ಬಂದಳು. ಮಮತಾ ಹೋಗಿ ಬನ್ನಿ ಎನ್ನಲಿಲ್ಲ. ಭಾಗವಹಿಸಿದವರಿಗೆ ಪ್ರಮಾಣಪತ್ರ ಹಂಚುತ್ತಿದ್ದಳು. ನಮ್ಮ ಹೆಸರಿನವು ಎರಡು ಮೇಜಿನ ಮೇಲೆಯೇ ಉಳಿದಿರಬೇಕು.

ಬಸ್ಸಿನಲ್ಲಿ ನಾನು ಮನೆಗೆ ಫೋನು ಮಾಡಿ, ಇನ್ನೊಂದು ದಿನ ಬರುವುದಿಲ್ಲ, ಹಾಲಿಗೆ ಹೆಪ್ಪು ಹಾಕಿಡಿ ಎಂದೆ. ಉಚ್ಚಂಗೆಮ್ಮ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯವರೆಗೂ ನಾಲ್ಕನೇ ಅಂಚನ್ನು ಸವರುತ್ತಲೇ ಇದ್ದಳು. “ತೂತು ಉಳಿದಾವೆ ಅಂಬಿ. ಮಿಷನ್ ಸೂಜಿ ಚುಚ್ಚಿದ ತೂತು. ನಮ್ಮವ್ವನ ಕೈಗೆ ಸಿಗ್ತವೆ” ಎಂದಳು. ಅವಕ್ಕೆ ಮಾಡುವುದು ಏನೂ ಇರಲಿಲ್ಲ. ಒಗೆದರೆ ಒಂದಿಷ್ಟು ಮುಚ್ಚಿಕೊಳ್ಳಬಹುದು ಎಂದೆ. ನನಗೂ ಗೊತ್ತಿತ್ತು, ಸೋಮವಾರದೊಳಗೆ ಒಗೆಯಲಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ತೊಟ್ಟಿಲಿಗೆ ಹೂವು ಕಟ್ಟಿದ ಮೇಲೆ ಅಜ್ಜಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತು, “ತಾರವ್ವ, ನೋಡಾನ” ಎಂದರು. ಕೌದಿಯನ್ನು ಅವರ ಮಡಿಲಿಗೆ ಹಾಕಿದೆವು. ಚೈತ್ರಶ್ರೀ ಮಗುವನ್ನೆತ್ತಿಕೊಂಡು ಪಕ್ಕದಲ್ಲಿ ನಿಂತಳು. ಅಜ್ಜಮ್ಮನ ಬೆರಳು ಸಾಲಿನಿಂದ ಸಾಲಿಗೆ ಹೋಯಿತು.

“ಇವು ನನ್ನವು. ಇವು ಉಚ್ಚಂಗೀವು, ಅವಸರದವು. ಈ ದಪ್ಪನವು ಯಾರವು?”

“ನನ್ನವು ಅಜ್ಜಿ,” ಎಂದೆ.

“ಇರ್ಲಿ ಬಿಡವ್ವ, ಗಟ್ಟಿ ಅದಾವೆ.”

ಬೆರಳು ನಾಲ್ಕನೇ ಅಂಚಿಗೆ ಬಂತು. ಅರ್ಧ ದೂರ ಹೋಗಿ ನಿಂತಿತು. ಹಿಂದಕ್ಕೆ ಬಂತು. ಉಗುರಿನಲ್ಲಿ ತಡವಿ ನೋಡಿದರು. ಉಚ್ಚಂಗೆಮ್ಮ ನನ್ನ ಕೈ ಹಿಡಿದುಕೊಂಡಳು.

“ಇಲ್ಲೇನಿದು ಸಾಲಿಗೆ ತೂತು? ಇಲಿ ಕಡೀತೇನೇ?”

ಉಚ್ಚಂಗೆಮ್ಮ ಸುಳ್ಳು ಹೇಳುವವಳಲ್ಲ. “ಹೂನವ್ವ. ಅಲ್ಲೊಂದು ಇಲಿ ಇತ್ತು” ಎಂದಳು. “ಬಾಯಿ ಮುಚ್ಚಿಬಿಟ್ಟಿತ್ತು. ಬಿಚ್ಚಿ ಹೊಲಿದ್ವಿ.”

ಅಜ್ಜಮ್ಮ ತಲೆಯೆತ್ತಿದರು. ಕಾಣದ ಕಣ್ಣಿನಲ್ಲಿ ಮಗಳ ದನಿಯ ಕಡೆ ನೋಡಿದರು. “ಹೊಟ್ಟೆಗೆ ಹಾಕಿದ್ರಾ?”

“ಹಾಕಿದ್ವಿ. ನಮ್ಮನೆ ರೊಟ್ಟೀನೇ.”

ಅವರು ಮೂಲೆಯನ್ನು ಹಿಚುಕಿ, ಒಳಗೆ ಜೋಳದ ಕಾಳು ಸಿಕ್ಕಿದ ಮೇಲೆ ಬಿಟ್ಟರು. ಆಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ನಾಲ್ಕನೇ ಅಂಚು ಮಗುವಿನ ಕಾಲ ಕಡೆ ಬರುವ ಹಾಗೆ ತೊಟ್ಟಿಲಿಗೆ ತಾವೇ ಹಾಸಿದರು. ಚೈತ್ರಶ್ರೀ ಮಗುವನ್ನು ಮಲಗಿಸಿದಳು. ಅದು ಒಂದು ಸಲ ಮುಖ ಸಿಂಡರಿಸಿ, ಲೋಕದಲ್ಲಿ ಇನ್ನೇನೂ ಬೇಡ ಎನ್ನುವ ಹಾಗೆ ಮುಷ್ಟಿ ಬಿಗಿದು ಕಣ್ಣು ಮುಚ್ಚಿತು.

“ಅದ್ಸರಿ,” ಎಂದರು ಅಜ್ಜಮ್ಮ, ತೊಟ್ಟಿಲ ಹಗ್ಗ ಹಿಡಿದು. “ಮೂರು ದಿನ ಅಷ್ಟು ಜನ ಹೆಂಗಸರು ಕುಂತಿದ್ರಲ್ಲ, ಅವರದೆಲ್ಲ ಎಷ್ಟು ಕೌದಿ ಆದ್ವು?”

ಉಚ್ಚಂಗೆಮ್ಮ ನನ್ನ ಮುಖ ನೋಡಿದಳು. ನಾನು ಹೇಳಿದೆ. ಒಳಗಿನ ದಾರದ ಬಣ್ಣ, ಚಹಾದಲ್ಲಿ ಬೇಯಿಸಿದ ಬಟ್ಟೆ, ಬೆಳಿಗ್ಗೆ ಆರು ಗಂಟೆಯ ಉಸಿರು, ಎಲ್ಲವನ್ನೂ ಬಿಡದೆ ಹೇಳಿದೆ. ಅಜ್ಜಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಗು ಶುರುವಾಯಿತು. ನಕ್ಕು ನಕ್ಕು ಕೆಮ್ಮು ಬಂದು, ಸೆರಗಿನಲ್ಲಿ ಬಾಯಿ ಒತ್ತಿಕೊಂಡು, ಆದರೂ ತೊಟ್ಟಿಲ ಹಗ್ಗವನ್ನು ಬಿಡದೆ ತೂಗುತ್ತಲೇ ಇದ್ದರು.

“ಶ್, ಮೆತ್ತಗೆ ಅವ್ವ,” ಎಂದಳು ಉಚ್ಚಂಗೆಮ್ಮ. “ಕೂಸು ಮಲಗೈತೆ.”